ಗಾಳಿ ತುಂಬಿದ ಕಯಾಕ್, ಕೈಯಲ್ಲಿ ಗಾಳ

ಹೋದ ತಿಂಗಳು ಇದೇ ಅಂಕಣದಲ್ಲಿ ಸೀತಾನದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಗಾಳಿ ತುಂಬುವ ಕಯಾಕ್‌ನಲ್ಲಿ ಕೂತು ಕೆಂಬೇರಿ ಮೀನು ಹಿಡಿಯುವ ಬಗ್ಗೆ ಬರೆದಿದ್ದೆ. ಅದನ್ನು ಓದಿ ತುಂಬ ಜನ ಪತ್ರ ಬರೆದಿದ್ದಾರೆ. ನಾನು ಸಾಲಿಗ್ರಾಮದ ಕಡೆಯವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದೆ. ಒಂಬತ್ತು ವರ್ಷದಿಂದ ಇಂಥ ದೋಣಿ ಬಳಸುತ್ತಿದ್ದೇನೆ, ಈಗಿರುವುದು ಎರಡನೆಯದು. ಅನುಭವದಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಲಿಂಗನಮಕ್ಕಿ ಹಿನ್ನೀರಿನಲ್ಲಿ ಗಾಳ ಹಾಕಲು ಕಯಾಕ್ ತಗೊಳ್ಳಬೇಕು ಅಂತಿದ್ದೇನೆ. ಹದಿನೈದು ಸಾವಿರಕ್ಕೂ ಸಿಗುತ್ತದೆ, ಅರವತ್ತು ಸಾವಿರಕ್ಕೂ ಸಿಗುತ್ತದೆ. ಯಾವುದು ತಗೊಳ್ಳಲಿ?
*– ಓದುಗರು, ಸಾಗರ*

ದೋಣಿಯ ದುಡ್ಡಿನ ಮಾತು ಆಮೇಲೆ. ಮೊದಲು ನಿಮ್ಮ ನೀರು ಎಂಥದ್ದು ನೋಡೋಣ.

1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡು ನಿಮ್ಮ ಹಿನ್ನೀರಿನೊಳಗೆ ಇನ್ನೂ ನಿಂತಿದೆ. ನೀರು ಪೂರ್ಣ ಮಟ್ಟ, ಅಂದರೆ ಸಮುದ್ರಮಟ್ಟದಿಂದ 1819 ಅಡಿಯ ಹತ್ತಿರ ಇದ್ದಾಗ ಎಷ್ಟೋ ಬೊಡ್ಡೆಗಳು ಆಳದಲ್ಲಿರುತ್ತವೆ, ತೊಂದರೆ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದಾಗ ಅವೇ ಬೊಡ್ಡೆಗಳ ತುದಿ ನೀರಿನಿಂದ ಒಂದು ಗೇಣು ಕೆಳಗೆ ಬಂದು ನಿಂತಿರುತ್ತದೆ. ಮೇಲಿಂದ ಕಾಣುವುದಿಲ್ಲ. ಮೀನೂ ಅಲ್ಲೇ ಇರುತ್ತದೆ, ನೀವೂ ಅಲ್ಲಿಗೇ ಹೋಗುತ್ತೀರಿ. ಹಾಗಾಗಿ ನಿಮಗೆ ಮುಖ್ಯವಾಗಿ ಬೇಕಿರುವುದು ಗಟ್ಟಿ ಹೊಟ್ಟೆಯ ದೋಣಿ.

ಅಂಗಡಿಯಲ್ಲಿ ಮೂರು ತರದವು ಸಿಗುತ್ತವೆ. ಒಂದು, ಬರೀ ವಿನೈಲ್ ಹಾಳೆಯದು. ಮಕ್ಕಳ ಈಜುಕೊಳದ ಟ್ಯೂಬಿನ ಜಾತಿ. ಬೆರಳಲ್ಲಿ ಹಿಡಿದು ಎಳೆದರೆ ಹಿಗ್ಗುತ್ತದೆ. ಇದು ನಿಮ್ಮ ನೀರಿಗೆ ಬೇಡವೇ ಬೇಡ. ಎರಡನೆಯದು, ಪಿವಿಸಿ ಪದರಗಳ ನಡುವೆ ದಾರದ ನೇಯ್ಗೆ ಇರುವುದು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಮೇಲ್ಮೈಯಲ್ಲಿ ಬಟ್ಟೆಯ ಹಾಗೆ ಸಣ್ಣ ಚೌಕುಳಿ ಕಾಣುತ್ತದೆ. ಎಳೆದರೆ ಹಿಗ್ಗುವುದಿಲ್ಲ. ಮೂರನೆಯದು ಡ್ರಾಪ್ ಸ್ಟಿಚ್. ಎರಡು ಹಾಳೆಗಳ ನಡುವೆ ಸಾವಿರಾರು ದಾರ ಕಟ್ಟಿರುತ್ತಾರೆ. ಅದಕ್ಕೇ 8ರಿಂದ 10 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿದರೂ ಉಬ್ಬದೆ ಹಲಗೆಯ ಹಾಗೆ ಚಪ್ಪಟೆಯಾಗಿ ನಿಲ್ಲುತ್ತದೆ. ನೆಲ ಡ್ರಾಪ್ ಸ್ಟಿಚ್ ಇದ್ದರೆ ದೋಣಿ ನಡುವೆ ಬಗ್ಗುವುದಿಲ್ಲ, ಹುಟ್ಟು ಹಾಕಿದಷ್ಟೂ ಮುಂದೆ ಹೋಗುತ್ತದೆ. ಬೆಲೆ ಜಾಸ್ತಿಯಾಗುವುದು ಇದಕ್ಕೇ.

ನನ್ನ ಮಾತು ಕೇಳುವುದಾದರೆ ಎರಡನೆಯದರಿಂದ ಶುರು ಮಾಡಿ. ನಾನು ಈಗ ಬಳಸುವುದು ಇಂಟೆಕ್ಸ್ ಎಕ್ಸ್‌ಕರ್ಷನ್ ಪ್ರೊ, 3.84 ಮೀಟರ್ ಉದ್ದ, 94 ಸೆಂಟಿಮೀಟರ್ ಅಗಲ. ಇಬ್ಬರಿಗೆ ಅಂತ ಮಾಡಿದ್ದು. ನಾನು ಒಂದು ಸೀಟು ತೆಗೆದು ಒಬ್ಬನೇ ಹೋಗುತ್ತೇನೆ. ಆಗ ಡಬ್ಬಿ, ಬಲೆ, ನೀರಿನ ಕ್ಯಾನ್ ಎಲ್ಲಕ್ಕೂ ಜಾಗ ಆಗುತ್ತದೆ. ದೋಣಿಯ ಮೇಲೆ 180 ಕೆಜಿ ಅಂತ ಬರೆದಿದ್ದರೆ ನೀವು 120ಕ್ಕೆ ನಿಲ್ಲಿಸಿ. ಅಂಚಿನವರೆಗೆ ಭಾರ ಹೇರಿದ ದೋಣಿ ತಿರುಗುವುದಿಲ್ಲ, ಅಲೆ ಬಂದರೆ ನೀರು ಒಳಗೆ ಬರುತ್ತದೆ. ಅಗಲ 85 ಸೆಂಟಿಮೀಟರ್‌ಗಿಂತ ಕಡಿಮೆ ಇರುವುದು ಬೇಡ, ದೊಡ್ಡ ಮೀನು ಎಳೆದಾಗ ದೇಹ ಒಂದು ಪಕ್ಕಕ್ಕೆ ವಾಲುತ್ತದಲ್ವಾ. ಗಾಳಿಯ ಕೋಣೆಗಳು ಕನಿಷ್ಠ ಮೂರು ಬೇರೆ ಬೇರೆ ಇರಬೇಕು. ಅಗಲದ ದೋಣಿಗೆ ಹುಟ್ಟು 230–240 ಸೆಂಟಿಮೀಟರ್ ಉದ್ದದ್ದು ಬೇಕು. ಗಿಡ್ಡ ಹುಟ್ಟಾದರೆ ಪ್ರತಿ ಸಲವೂ ಮುಂಗೈ ದೋಣಿಯ ಅಂಚಿಗೆ ಉಜ್ಜುತ್ತದೆ. ರಾಡ್ ಸಿಗಿಸುವ ತೂತು ನಾಲ್ಕಿದೆಯೋ ಆರಿದೆಯೋ ಎಂಬುದನ್ನು ನೋಡಿ ದೋಣಿ ಆರಿಸಬೇಡಿ.

ಅಡಿಯಲ್ಲಿ ಸಿಗಿಸುವ ರೆಕ್ಕೆಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ಇಂಥ ಹಗುರ ದೋಣಿ ಪ್ರತಿ ಹುಟ್ಟಿಗೂ ಮೂತಿ ತಿರುಗಿಸುತ್ತದೆ. ಎರಡು ಅಳತೆಯದು ಕೊಟ್ಟಿದ್ದರೆ ಬೊಡ್ಡೆ ಇರುವ ಕಡೆ ಗಿಡ್ಡದ್ದನ್ನೇ ಹಾಕಿ.

ಇನ್ನೊಂದು ಮಾತು. ಜಲಾಶಯದಲ್ಲಿ ಮೀನು ಹಿಡಿಯಲು ಅನುಮತಿ ಬೇಕು. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಕೇಳಿ. ಹೋದಾಗ ಎಲ್ಲಿ ಬಲೆ ಬಿಡುತ್ತಾರೆ ಅಂತಲೂ ವಿಚಾರಿಸಿ. ಆ ನೀರನ್ನೇ ನಂಬಿ ಬದುಕುವವರ ಬಲೆಯ ಮೇಲೆ ನಮ್ಮ ದೋಣಿ ಹೋಗಬಾರದು.

ದಡದಲ್ಲಿ ಚೆನ್ನಾಗಿ ಗಾಳಿ ತುಂಬಿ ಇಳಿಸುತ್ತೇನೆ. ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಸೋಪು ನೀರು ಹಚ್ಚಿ ನೋಡಿದೆ, ಎಲ್ಲೂ ಸೋರಿಕೆ ಇಲ್ಲ. ಯಾಕೆ ಹೀಗೆ?
*– ಓದುಗರು, ಬ್ರಹ್ಮಾವರ*

ಸೋರಿಕೆ ಇಲ್ಲ, ಸರಿಯೇ. ಒಳಗಿನ ಗಾಳಿ ತಣ್ಣಗಾಗಿದೆ ಅಷ್ಟೇ.

ಲೆಕ್ಕ ಹಾಕಿ ತೋರಿಸುತ್ತೇನೆ. ನೀವು 2 ಪಿಎಸ್‌ಐ ತುಂಬಿದಿರಿ ಅನ್ನೋಣ. ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಎಂಬುದನ್ನು. ಹೊರಗಿನದೇ ಸುಮಾರು 14.7 ಇದೆ. ಅಂದರೆ ಒಳಗಿನ ನಿಜವಾದ ಒತ್ತಡ 16.7. ದಡದಲ್ಲಿ ಗಾಳಿ 35 ಡಿಗ್ರಿ ಇತ್ತು, ನದಿಯ ನೀರು 27 ಡಿಗ್ರಿ. ಎಂಟು ಡಿಗ್ರಿ ಇಳಿದರೆ ಒತ್ತಡ ನೂರಕ್ಕೆ ಎರಡೂವರೆಯಷ್ಟು ಇಳಿಯುತ್ತದೆ. 16.7ರಲ್ಲಿ ಅದು 0.4. ನಿಮ್ಮ ಮೀಟರ್ ಈಗ 2ರ ಬದಲು 1.6 ತೋರಿಸುತ್ತದೆ. ಕೈಗೆ ಮೆತ್ತಗೆ ಸಿಗುವುದು ಇದೇ. ಅದಕ್ಕೆ ದೋಣಿಯನ್ನು ನೀರಿಗಿಳಿಸಿ, ಹತ್ತು ನಿಮಿಷ ಹಗ್ಗ ಕಟ್ಟಿ ತೇಲಲು ಬಿಡಿ. ಆಮೇಲೆ ಪಂಪಿನಿಂದ ನಾಲ್ಕೈದು ಸಲ ಒತ್ತಿ.

ಹೆದರಬೇಕಾದ್ದು ಇದಕ್ಕೆ ಉಲ್ಟಾ ಆದಾಗ. ಬೆಳಿಗ್ಗೆ 25 ಡಿಗ್ರಿಯಲ್ಲಿ 2 ಪಿಎಸ್‌ಐ ತುಂಬಿದ ದೋಣಿಯನ್ನು ಮಧ್ಯಾಹ್ನ ಮರಳಿನ ಮೇಲೆ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋದಿರಿ. ಒಳಗಿನ ಗಾಳಿ 50 ಡಿಗ್ರಿಗೆ ಏರಿದರೆ ಮೀಟರ್ 3.4ಕ್ಕೆ ಹೋಗಿರುತ್ತದೆ. ನನ್ನ ಮೊದಲ ದೋಣಿಯ ಹೊಲಿಗೆ ಹೋಗಿದ್ದು ಹೀಗೇ. ಮನೆಯಂಗಳದಲ್ಲಿ, ಏಪ್ರಿಲ್ ತಿಂಗಳಲ್ಲಿ. ಒಳಗೆ ಊಟ ಮಾಡುತ್ತಿದ್ದವನಿಗೆ ಟೈರ್ ಒಡೆದ ಹಾಗೆ ಸದ್ದು ಕೇಳಿತು. ಹೊರಗೆ ಬಂದು ನೋಡಿದರೆ ಎಡಬದಿಯ ಕೋಣೆ ಒಂದು ಮೊಳ ಉದ್ದ ಬಾಯಿ ಬಿಟ್ಟಿತ್ತು. ಅಂಟು ಹಾಕಿ ಸರಿಮಾಡುವ ತೂತು ಅಲ್ಲ ಅದು. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಟ್ಟು ನೆರಳಿಗೆ ಎಳೆಯುವುದನ್ನು ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಯಾವತ್ತೂ ಗಾಳಿ ಹಿಡಿಸಬೇಡಿ. ಕೈಪಂಪು ಸಾಕು. ಎಲ್ಲ ಕೋಣೆಗಳನ್ನು ಅರ್ಧರ್ಧ ತುಂಬಿ, ಎರಡನೇ ಸುತ್ತಿನಲ್ಲಿ ಪೂರ್ತಿ ಮಾಡಿ. ಒಂದನ್ನೇ ಪೂರ್ತಿ ತುಂಬಿದರೆ ಪಕ್ಕದ್ದು ಸೊಟ್ಟಗೆ ಕೂರುತ್ತದೆ.

ಗಾಳ ಚುಚ್ಚಿ ದೋಣಿ ಮುಳುಗಿದರೆ? ಈ ಹೆದರಿಕೆಯಿಂದಲೇ ಕೊಂಡಿಲ್ಲ.
*– ಓದುಗರು, ಬೆಂಗಳೂರು*

ಗಾಳದ ಮೊನೆ ಚುಚ್ಚಿದರೆ ಸಣ್ಣ ತೂತಾಗುತ್ತದೆ. ಒತ್ತಡ ಕಡಿಮೆ ಇರುವ ದೋಣಿಯಲ್ಲಿ ಗಾಳಿ ನಿಧಾನಕ್ಕೆ ಹೋಗುತ್ತದೆ. ಉಳಿದ ಕೋಣೆಗಳು ತೇಲಿಸುತ್ತವೆ. ಒಂಬತ್ತು ವರ್ಷದಲ್ಲಿ ನನಗೆ ಎರಡು ಸಲ ಹೀಗಾಗಿದೆ. ಎರಡು ಸಲವೂ ದಡಕ್ಕೆ ಬಂದ ಮೇಲೇ ಗೊತ್ತಾಗಿದ್ದು. ಜಾಸ್ತಿ ಹಾನಿ ಮಾಡುವುದು ಬಂಡೆಗೆ ಅಂಟಿದ ಚಿಪ್ಪು, ಮತ್ತು ಮೀನಿನ ಮುಳ್ಳು. ಅಳಿವೆಯ ತೇಡೆ ಮೀನಿನ ಬೆನ್ನ ಮುಳ್ಳಿಗೆ ಗರಗಸದ ಹಲ್ಲಿರುತ್ತದೆ. ಕೆರೆಯ ಜಿಲೇಬಿ ಮೀನಿನ ಬೆನ್ನೂ ಸೂಜಿಗಳ ಸಾಲು. ಹಾಗಾಗಿ ನಾನು ತೊಡೆಯ ಮೇಲೆ ದಪ್ಪ ಗೋಣಿಚೀಲ ಹಾಸಿಕೊಂಡು ಕೂರುತ್ತೇನೆ. ಮೀನನ್ನು ಬಲೆಯಲ್ಲೇ ಎತ್ತಿ ಗೋಣಿಯ ಮೇಲೆ ಇಳಿಸಿ, ಇಕ್ಕಳದಲ್ಲಿ ಗಾಳ ಬಿಡಿಸುತ್ತೇನೆ. ಮೂರು ಮೊನೆಯ ಗಾಳಗಳನ್ನು ತೆಗೆದು ಒಂಟಿ ಮೊನೆಯದು ಹಾಕಿದ್ದೇನೆ. ಅದರ ಮೊನೆಯ ಹಿಂದಿರುವ ಕಿರುಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಲಗಿಸಿದ್ದೇನೆ. ಮೀನಿಗೂ ನೋವು ಕಡಿಮೆ, ಚಿಕ್ಕದಾದರೆ ಬೇಗ ವಾಪಸ್ ಬಿಡಬಹುದು.

ತೂತಾದರೆ ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಚ್ಚಬೇಡಿ. ಅದು ಇರುವುದು ರಬ್ಬರಿಗೆ. ಪಿವಿಸಿಗೆ ಹಿಡಿಯುವುದಿಲ್ಲ. ಪಿವಿಸಿ ದೋಣಿಗೇ ಅಂತ ಇರುವ ಅಂಟು ತನ್ನಿ. ತೂತಿನ ಸುತ್ತ ಎರಡು ಇಂಚು ಮೀರುವಷ್ಟು ತೇಪೆಯನ್ನು ಗುಂಡಗೆ ಕತ್ತರಿಸಿ, ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಎರಡೂ ಬದಿಯನ್ನು ಸ್ಪಿರಿಟ್‌ನಿಂದ ಒರೆಸಿ. ಅಂಟನ್ನು ತೆಳ್ಳಗೆ ಎರಡು ಸಲ ಹಚ್ಚಿ. ಬೆರಳಿಗೆ ಜಿಗುಟು ಹತ್ತುವಷ್ಟು ಆರಿದ ಮೇಲೆ ಕೂರಿಸಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ. ಒಂದು ದಿನ ಪೂರ್ತಿ ಮುಟ್ಟಬೇಡಿ. ಮಳೆಗಾಲದ ತೇವದಲ್ಲಿ ಹಚ್ಚಿದ ತೇಪೆ ನಿಲ್ಲುವುದಿಲ್ಲ.

ಹದಿನೈದು ವರ್ಷದ ಮಗ ಹಟ ಹಿಡಿದಿದ್ದಾನೆ. ತುಂಗೆಗೆ ಕಳಿಸಬಹುದಾ?
*– ಒಬ್ಬ ತಾಯಿ, ತೀರ್ಥಹಳ್ಳಿ*

ಒಬ್ಬನೇ ಹೋಗುವುದು ಬೇಡ. ನಿಮ್ಮ ಮನೆಯ ದೊಡ್ಡವರೊಬ್ಬರು ಜೊತೆಗಿದ್ದು, ಮಗನಿಗೆ ಈಜು ಬರುವುದಾದರೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನಿಂತ ನೀರಿನ ಮಡುಗಳಲ್ಲಿ ಕಲಿಯಲಿ. ಲೈಫ್ ಜಾಕೆಟ್ ತೊಟ್ಟಿರಬೇಕು. ದೋಣಿಯಲ್ಲಿ ಇಟ್ಟುಕೊಂಡಿದ್ದರೆ ಪ್ರಯೋಜನ ಇಲ್ಲ. ಜಾಕೆಟ್ ಹಾಕಿಸಿದ ಮೇಲೆ ಅದರ ಭುಜದ ಪಟ್ಟಿ ಹಿಡಿದು ನೀವೇ ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಅದು ಅವನ ಅಳತೆಯದಲ್ಲ.

ಮೊದಲ ದಿನ ಗಾಳ ಮನೆಯಲ್ಲೇ ಇರಲಿ. ಎದೆಮಟ್ಟದ ನೀರಿನಲ್ಲಿ ದೋಣಿ ಮಗುಚಿ, ಮತ್ತೆ ಹತ್ತುವುದನ್ನು ಕಲಿಯಲಿ. ಮಗುಚಿದ ದೋಣಿಯ ಆಚೆ ಬದಿಯ ಹಗ್ಗ ಹಿಡಿದು ಎಳೆದು ಸರಿಮಾಡಬೇಕು. ಆಮೇಲೆ ಪಕ್ಕದಲ್ಲಿ ಉದ್ದಕ್ಕೆ ಮಲಗಿದ ಹಾಗೆ ತೇಲಿ, ಕಾಲು ಬಡಿಯುತ್ತ ಹೊಟ್ಟೆಯನ್ನು ದೋಣಿಯ ಮೇಲೆ ತರಬೇಕು. ಹೊಟ್ಟೆ ಬಂದ ಮೇಲೆ ತಿರುಗಿ ಕೂರುವುದು ಸುಲಭ. ಹತ್ತು ಸಲ ಮಾಡಿದರೆ ಹೆದರಿಕೆ ಹೋಗುತ್ತದೆ. ನಾನು ನನ್ನ ಮಗಳಿಗೂ ಹೀಗೇ ಕಲಿಸಿದ್ದು.

ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನು ಹಿಡಿಯುವಂತಿಲ್ಲ, ಅದನ್ನು ಮೊದಲೇ ಹೇಳಿಬಿಡಿ. ಅಲ್ಲಿ ನಿಂತು ಮೀನು ನೋಡುವುದೂ ಒಂದು ಪಾಠವೇ.

ಅಳಿವೆ ಬಾಗಿಲಲ್ಲಿ ದೊಡ್ಡ ಮೀನು ಸಿಗುತ್ತದಂತೆ. ಗಾಳಿ ಕಯಾಕ್‌ನಲ್ಲಿ ಅಲ್ಲಿಯವರೆಗೆ ಹೋಗಬಹುದಾ?
*– ಓದುಗರು, ಹೊನ್ನಾವರ*

ಸಿಗುತ್ತದೆ, ನಿಜ. ಹೋಗಬೇಡಿ ಎಂದು ಕೈ ಮುಗಿದು ಕೇಳುತ್ತೇನೆ.

ಒಂದು ಫೆಬ್ರವರಿಯಲ್ಲಿ ನಾನು ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಯ ಕಡೆಗೆ ಹೋಗಿದ್ದೆ. ಸೀಬಾಸ್ ಮೀನಿನ ಆಸೆ. ಬೆಳಿಗ್ಗೆ ನೀರು ಕನ್ನಡಿಯ ಹಾಗಿತ್ತು. ಲಂಗರನ್ನು ಕೈಗೆ ಹತ್ತಿರ ಇರಲಿ ಅಂತ ದೋಣಿಯ ಪಕ್ಕದ ಬಳೆಗೆ ಕಟ್ಟಿದ್ದೆ. ಹತ್ತೂವರೆಗೆ ಇಳಿತ ಜೋರಾಯಿತು. ನೀರು ಸಮುದ್ರದ ಕಡೆಗೆ ಎಳೆಯುತ್ತಿತ್ತು, ಅದಕ್ಕೆ ಎದುರಾಗಿ ಪಡುಗಾಳಿ ಏಳತೊಡಗಿತು. ಎರಡು ಸೇರಿದಲ್ಲಿ ಅಲೆ ಗಿಡ್ಡಗೆ, ನೆಟ್ಟಗೆ ಏಳುತ್ತದೆ. ಪಕ್ಕಕ್ಕೆ ಕಟ್ಟಿದ ಹಗ್ಗ ಬಿಗಿಯಾಗಿ ಆ ಬದಿಯನ್ನೇ ನೀರೊಳಗೆ ಎಳೆಯಿತು. ಗಂಟು ಬಿಚ್ಚಲು ಬರಲಿಲ್ಲ. ಜಾಕೆಟ್ಟಿಗೆ ಸಿಗಿಸಿದ ಚಾಕುವಿನಿಂದ ಹಗ್ಗ ಕೊಯ್ದೆ. ದೋಣಿ ಹತ್ತಿಯ ಹಾಗೆ ಹಗುರ, ತಳ ನೀರೊಳಗೆ ಇಳಿಯುವುದೇ ಇಲ್ಲ. ಎಷ್ಟು ಹುಟ್ಟು ಹಾಕಿದರೂ ನಿಂತಲ್ಲೇ ಇದ್ದೆ. ಬಲೆ ಎಳೆಯುತ್ತಿದ್ದ ಇಬ್ಬರು ಮೀನುಗಾರರು ತಮ್ಮ ದೋಣಿ ತಂದು, ಹಗ್ಗ ಎಸೆದು, ನನ್ನನ್ನು ಮರಳದಿಬ್ಬಕ್ಕೆ ಎಳೆದರು. ಅವರು ಆವತ್ತು ಅರ್ಧ ಬಲೆ ಬಿಟ್ಟು ಬಂದಿದ್ದರು.

ಲಂಗರನ್ನು ಮೂತಿಗೋ ಬಾಲಕ್ಕೋ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಕಬ್ಬಿಣದ ಕೊಕ್ಕೆಯ ಬದಲು ಮರಳು ತುಂಬಿದ ಕ್ಯಾನ್ವಾಸ್ ಚೀಲ ಸಾಕು, ಅದು ದೋಣಿಗೆ ಚುಚ್ಚುವುದಿಲ್ಲ. ಹೊರಡುವ ಮುಂಚೆ ಭರತ-ಇಳಿತದ ಸಮಯ ನೋಡಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಭರತದ ಜೊತೆ ಒಳನಾಡಿನ ಕಡೆ ಹೋಗಿ, ಇಳಿತ ಶುರುವಾದಾಗ ಅದರ ಜೊತೆ ನಿಧಾನ ವಾಪಸ್ ಬನ್ನಿ. ಅಳಿವೆಯಿಂದ ದೂರ ಇರುವ ದಡದಿಂದಲೇ ಹೊರಡಿ. ನಿಮ್ಮ ಶರಾವತಿಯಲ್ಲಿ ಗೇರುಸೊಪ್ಪೆಯಿಂದ ವಿದ್ಯುತ್ತಿಗಾಗಿ ಬಿಡುವ ನೀರೂ ಸೇರುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಹನ್ನೊಂದರ ಒಳಗೆ ದಡ ಸೇರಿಬಿಡಿ.

ದಾಂಡೇಲಿಯ ಕಾಳಿ ನದಿಯಲ್ಲಿ?
*– ಓದುಗರು, ಹುಬ್ಬಳ್ಳಿ*

ಅಲ್ಲಿ ಮೊಸಳೆಗಳಿವೆ. ಇದರಲ್ಲಿ ಕೂತರೆ ನೀರಿಗೂ ನಿಮಗೂ ನಡುವೆ ಇರುವುದು ಒಂದು ಹಾಳೆ. ಬೇಡ.

ಮಳೆಗಾಲದಲ್ಲಿ ಎಲ್ಲಿ ಇಡುವುದು?
*– ಓದುಗರು, ಕಾರ್ಕಳ*

ಸಿಹಿನೀರಿನಲ್ಲಿ ತೊಳೆಯಿರಿ. ಕವಾಟದ ಸುತ್ತ ಮರಳು ಕೂತಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಒಂದು ಕಾಳು ಮರಳು ಸಾಕು, ಕವಾಟ ಸೋರಲು. ಸೀಟಿನ ಅಡಿಯ ಮಡಿಕೆಗಳಲ್ಲಿ ನೀರು ನಿಂತಿರುತ್ತದೆ, ಬಟ್ಟೆಯಿಂದ ಒರೆಸಿ ನೆರಳಲ್ಲಿ ಎರಡು ದಿನ ಆರಿಸಿ. ಟಾಲ್ಕಂ ಪೌಡರ್ ಉದುರಿಸಿ ಸಡಿಲವಾಗಿ ಸುತ್ತಿ. ಪ್ರತಿ ಸಲ ಅದೇ ಮಡಿಕೆಗೆ ಮಡಚಬೇಡಿ, ಅಲ್ಲೇ ಬಿರುಕು ಬಿಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಗಳು ಒಳಗೆ ಬರುತ್ತವೆ. ಮೀನಿನ ವಾಸನೆ ಸ್ವಲ್ಪ ಉಳಿದಿದ್ದರೂ ಕಡಿಯದೆ ಬಿಡುವುದಿಲ್ಲ. ಸೋಪಿನ ನೀರಲ್ಲಿ ಇನ್ನೊಂದು ಸಲ ತೊಳೆದು, ಗೋಣಿಯಲ್ಲಿ ಸುತ್ತಿ ಅಟ್ಟದ ತೊಲೆಗೆ ತೂಗುಹಾಕಿ. ನನ್ನದು ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲೇ ಇರುತ್ತದೆ.