ಕೈಯಾರೆ ಮಾಡಿದ ಕುಸ್ವಾರ್

ಪ್ರಶ್ನೆ: ಕ್ರಿಸ್‌ಮಸ್‌ಗೆ ನೆರೆಮನೆಯವರಿಗೆ ಕೊಡಲು ಮಂಗಳೂರಿನ ಕಿಡಿಯೊ (ಕುಸ್ವಾರ್ ಎನ್ನುವ ಕ್ರಿಸ್‌ಮಸ್ ತಿಂಡಿಗಳಲ್ಲಿ ಒಂದು, ಸಕ್ಕರೆ ಪಾಕ ಹಚ್ಚಿದ ಕರಿದ ಸುರುಳಿ) ಮಾಡಿದ್ದೆ. ಎರಡೇ ದಿನಕ್ಕೆ ಮೆತ್ತಗಾಯಿತು, ಏಕೆ?

ಉತ್ತರ: ಉರಿ ಜೋರಾಗಿದ್ದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಆ ತೇವವೇ ಮೆತ್ತಗಾಗಿಸುವುದು. ಅರ್ಧ ಕಿಲೊ ಮೈದಾಕ್ಕೆ 2 ದೊಡ್ಡ ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು ಉಜ್ಜಿ, ದಪ್ಪ ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಅರ್ಧ ಗಂಟೆ ಮುಚ್ಚಿಡಿ. ಗೋಲಿಯಷ್ಟು ಹಿಟ್ಟನ್ನು ಎಣ್ಣೆ ಸವರಿದ ಫೋರ್ಕಿನ ಬೆನ್ನ ಮೇಲೆ ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ ಸುರುಳಿ ಸುತ್ತಿ. ಅಂಚು ಅಂಟದಿದ್ದರೆ ಬಾಣಲೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಸಣ್ಣ ಉರಿಯಲ್ಲಿ, ಗುಳ್ಳೆ ನಿಲ್ಲುವವರೆಗೆ ಕರಿಯಿರಿ. ಕರಿದದ್ದನ್ನು ಹೊರಳಿಸಲು 200 ಗ್ರಾಂ ಸಕ್ಕರೆಯ ಪಾಕ ಎರಡೆಳೆ ಬಂದಿರಲೇಬೇಕು, ಒಂದೆಳೆಯಾದರೆ ಅಂಟಂಟು. ಪೂರ್ತಿ ಆರಿಸಿ ಗಾಜಿನ ಭರಣಿಗೆ ತುಂಬಿ, ಪ್ಲಾಸ್ಟಿಕ್ ಬೇಡ. ಗೋಧಿ, ತುಪ್ಪ ಇದೆಯೆಂದು ಚೀಟಿ ಅಂಟಿಸಿ. ಕೆಲವರಿಗೆ ಅವು ಒಗ್ಗುವುದಿಲ್ಲ.