ಪಕ್ಕದಲ್ಲಿ ನಿಂತವಳ ಹೆಸರೇ ಗೊತ್ತಿಲ್ಲ: ಪುಣೆಯ ಒಂದು ಪ್ರಕರಣ

ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕೆಲಸ, ಬಡಾವಣೆ, ಗಾಯದ ವಿವರ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ರೋಲರ್ ಡರ್ಬಿ ಅನ್ನೋ ಸ್ಕೇಟಿಂಗ್ ಆಟ ಆಡುವ ತುಂಬಾ ಜನ ತಮಾಷೆಯ ಅಡ್ಡಹೆಸರು ಇಟ್ಟುಕೊಂಡು ಆಡುತ್ತಾರೆ. ಹಾಗಾಗಿ ಆ ಆಟ ಆಡುವ, ನನ್ನ ಹತ್ತಿರ ಸಲಹೆಗೆ ಬಂದ ಈಕೆಗೆ ನಾನೂ ಒಂದು ಇಟ್ಟಿದ್ದೇನೆ: ಬ್ಯಾಡಗಿ. ಧಾರವಾಡದ ಕಡೆಯವರು. ಆ ಮೆಣಸಿನಕಾಯಿ ಗೊತ್ತಿದ್ದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಕೆಂಪು ಜಾಸ್ತಿ, ಖಾರ ಅಷ್ಟಿಲ್ಲ.

ವಯಸ್ಸು 31. ಪುಣೆಗೆ ಬಂದು 8 ವರ್ಷ, ಹಿಂಜವಡಿಯಲ್ಲಿ ಕೆಲಸ. ನನ್ನ ಹತ್ತಿರ ಬಂದು ಕೂತವರೇ ಹೇಳಿದ ಮೊದಲ ಮಾತು ಇದು: "ಮೇಡಂ, ನಾ ಒಬ್ಬಾಕಿ ಕೈ ಮುರಿಯೋದ್ರಾಗ ಇದ್ದೆ. ಅಕಿ ಹೆಸರೂ ನಂಗ ಗೊತ್ತಿಲ್ಲ."

ನನಗೆ ಆಟವೇ ಗೊತ್ತಿರಲಿಲ್ಲ. ಅವರೇ ಅರ್ಧ ಗಂಟೆ ಕೂತು ಪೇಪರ್ ಮೇಲೆ ಅಂಡಾಕಾರದ ಟ್ರ್ಯಾಕ್ ಬರೆದು ಹೇಳಿಕೊಟ್ಟರು. ನಾಲ್ಕು ಚಕ್ರದ ಸ್ಕೇಟ್ಸ್ ಹಾಕಿಕೊಂಡು ಆಡುವ ಆಟ. ಒಂದೊಂದು ತಂಡದಿಂದ ಐದೈದು ಜನ ಟ್ರ್ಯಾಕಿಗೆ ಇಳಿಯುತ್ತಾರೆ. ಹೆಲ್ಮೆಟ್ ಮೇಲೆ ನಕ್ಷತ್ರ ಇರುವವಳು ಜ್ಯಾಮರ್, ಉಳಿದ ನಾಲ್ವರು ಬ್ಲಾಕರ್. ಜ್ಯಾಮರ್ ಒಂದು ಸಲ ಎಲ್ಲರ ನಡುವೆ ನುಗ್ಗಿ ಹೊರಬಂದ ಮೇಲೆ, ಮುಂದಿನ ಸುತ್ತಿನಿಂದ ಎದುರು ತಂಡದ ಎಷ್ಟು ಬ್ಲಾಕರ್‌ಗಳನ್ನು ದಾಟುತ್ತಾಳೋ ಅಷ್ಟು ಪಾಯಿಂಟ್. ಇಂಥ ಒಂದು ಸರದಿಗೆ ಜ್ಯಾಮ್ ಅನ್ನುತ್ತಾರೆ, ಅದು ಹೆಚ್ಚೆಂದರೆ 2 ನಿಮಿಷ. ಇಡೀ ಆಟ 30 ನಿಮಿಷದ ಎರಡು ಭಾಗ. 1935ರಲ್ಲಿ ಶಿಕಾಗೋದಲ್ಲಿ ಶುರುವಾದ ಆಟ, ಆಮೇಲೆ ಮಂಕಾಗಿ, 2000ದ ನಂತರ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹೆಣ್ಣುಮಕ್ಕಳೇ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು. ಇದನ್ನು ಹೇಳುವಾಗ ಬ್ಯಾಡಗಿಯ ಮುಖ ನೋಡಬೇಕಿತ್ತು, ತವರುಮನೆಯ ಕಥೆ ಹೇಳಿದ ಹಾಗೆ.

ನನಗೆ ಉಪಯೋಗಕ್ಕೆ ಬಂದದ್ದು ಬ್ಲಾಕರ್‌ಗಳ ಗೋಡೆಯ ವಿಷಯ. ಎದುರಿನ ಜ್ಯಾಮರ್ ನುಗ್ಗದ ಹಾಗೆ ಇವರು ಭುಜಕ್ಕೆ ಭುಜ, ಸೊಂಟಕ್ಕೆ ಸೊಂಟ ತಾಗಿಸಿ ನಿಲ್ಲುತ್ತಾರೆ. ಇಬ್ಬರ ನಡುವೆ ಒಂದು ಗೇಣು ಸಂದಿ ಬಿಟ್ಟರೂ ಅವಳು ಅಲ್ಲೇ ತೂರುತ್ತಾಳೆ. ಪಕ್ಕದವಳು ಯಾವ ಕಡೆ ವಾಲುತ್ತಾಳೆ ಅನ್ನೋದು ತಿರುಗಿ ನೋಡದೇ ಗೊತ್ತಾಗಬೇಕು.

ಈಗ ಇವರ ಕಥೆ. ನಾಲ್ಕು ವರ್ಷದ ಹಿಂದೆ ಆರೇಳು ಗೆಳತಿಯರು ಸೇರಿ ವಾಕಡ್ ಹತ್ತಿರದ ಒಂದು ಸಿಮೆಂಟ್ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಶುರುಮಾಡಿದ ಗುಂಪು. ದೊಡ್ಡ ಕ್ಲಬ್ ಏನಲ್ಲ. ಮಳೆಗಾಲ ಪೂರ್ತಿ ಅಂಗಳ ಜಾರುವುದರಿಂದ ಅಭ್ಯಾಸ ಬಂದ್. ಹೋದ ಮಳೆಗಾಲದಲ್ಲಿ ನಾಲ್ವರು ಹೋದರು. ಒಬ್ಬಳಿಗೆ ಬೆಂಗಳೂರಿಗೆ ವರ್ಗ, ಒಬ್ಬಳಿಗೆ ಮಗು, ಇಬ್ಬರು ವಿದೇಶಕ್ಕೆ. ದಸರಾ ಹೊತ್ತಿಗೆ ಮತ್ತೆ ಶುರುವಾದಾಗ ಐದು ಹೊಸ ಹುಡುಗಿಯರು. ಬ್ಯಾಡಗಿ ಅವರಿಗೆಲ್ಲ ಹೆಲ್ಮೆಟ್ ಬಣ್ಣದ ಮೇಲೆ ಹೆಸರಿಟ್ಟರು. ನೀಲಿ, ಹಳದಿ, ಸ್ಟಿಕ್ಕರ್. ಒಟ್ಟಿಗೆ ಕರೆಯಬೇಕಾದರೆ "ಫ್ರೆಶ್ ಮೀಟ್". ಅದು ಈ ಆಟದ ಹಳೇ ರೂಢಿಯ ಮಾತು. ಹೊರದೇಶದ ಎಷ್ಟೋ ಗುಂಪುಗಳು ಇದು ಸರಿಯಿಲ್ಲ ಅಂತ ಬಿಟ್ಟುಬಿಟ್ಟಿವೆ, ಇವರು ಬಿಟ್ಟಿರಲಿಲ್ಲ. ತಾಜಾ ಮಾಂಸ ಅಂತ ಯಾರನ್ನಾದರೂ ಕನ್ನಡದಲ್ಲಿ ಕರೆದು ನೋಡಿ ಅಂದೆ. ಸುಮ್ಮನಾದರು.

ಆ ಹುಡುಗಿಯರು ಇವರನ್ನು ಮರಾಠಿಯಲ್ಲಿ "ತಾಈ" ಅನ್ನುತ್ತಿದ್ದರು. ಅಕ್ಕ ಅಂತ ಅರ್ಥ. "ನಂಗ 31ಕ್ಕೇ ತಾಯಿ ಮಾಡ್ಯಾರ್ರಿ ಮೇಡಂ" ಅಂತ ಇವರ ಸಿಡುಕು. ಎಂಟು ವರ್ಷದಿಂದ ಪುಣೆಯಲ್ಲಿದ್ದವರಿಗೆ ಅರ್ಥ ಗೊತ್ತಿಲ್ಲ ಅಂತಲ್ಲ. ಸಿಟ್ಟಿಗೆ ಏನಾದರೂ ಒಂದು ನೆಪ ಬೇಕಿತ್ತು.

ಆರನೇ ವಾರ ಆ ಘಟನೆ ಆಯಿತು. ಡಿಕ್ಕಿ ಹೊಡೆಯುವ ಅಭ್ಯಾಸಕ್ಕೆ ಹೊಸಬರನ್ನು ಇನ್ನೂ ಸೇರಿಸಿರಲಿಲ್ಲ. ನೀಲಿ ಹೆಲ್ಮೆಟ್‌ನವಳು ದಾರಿಗೆ ಅಡ್ಡ ಬಂದಳು ಅಂತ ಬ್ಯಾಡಗಿ ಪಕ್ಕದಿಂದ ಭುಜ ಕೊಟ್ಟರು. ನಿಯಮದ ಪ್ರಕಾರ ತಪ್ಪು ಡಿಕ್ಕಿಯೇನಲ್ಲ, ಬೆನ್ನಿಗಲ್ಲ, ತಲೆಗಲ್ಲ. ಆದರೆ ಅಷ್ಟು ಜೋರಾಗಿ ಕೊಡಬೇಕಿರಲಿಲ್ಲ, ಅದು ಅವರಿಗೂ ಗೊತ್ತು. ಹುಡುಗಿ ಕೈ ಊರಿ ಬಿದ್ದಳು, ಗಾರ್ಡ್ ಇದ್ದರೂ ಮಣಿಕಟ್ಟು ಉಳುಕಿತು. ಬೀಳುವಾಗ ಬಾಯಿಂದ ಬಂದದ್ದು "ಯವ್ವಾ ಸತ್ನೆ!"

ಅಚ್ಚ ಕನ್ನಡ. ಬೆಳಗಾವಿ ಕಡೆಯ ಹುಡುಗಿ. ಆರು ವಾರ ಮರಾಠಿಯವಳು ಅಂದುಕೊಂಡಿದ್ದರು, ಕೇಳಿರಲೇ ಇಲ್ಲ.

ನಿದ್ದೆ, ಊಟ, ಕೆಲಸ ಎಲ್ಲ ವಿಚಾರಿಸಿದೆ. ಎರಡು ದಿನ ನಿದ್ದೆ ಕೆಟ್ಟಿದ್ದು ಬಿಟ್ಟರೆ ಚಿಂತೆ ಮಾಡುವಂಥದ್ದು ಏನೂ ಕಾಣಲಿಲ್ಲ. ಆಮೇಲೆ ನಾನೊಂದು ದಡ್ಡ ಸಲಹೆ ಕೊಟ್ಟೆ. ಎಲ್ಲರನ್ನೂ ಒಂದು ಸಲ ತಿಂಡಿಗೆ ಕರೆದುಕೊಂಡು ಹೋಗಿ ಅಂದೆ. ಹೋದರು. ಎಲ್ಲರೂ ಮಿಸಳ್ ತಿನ್ನೋಕೆ ಕೂತರು, ಹಳಬರು ಒಂದು ಕಡೆ, ಹೊಸಬರು ಒಂದು ಕಡೆ, ನಡುವೆ ಖಾರಾ ಸೇವ್ ಡಬ್ಬಿ. ಇಪ್ಪತ್ತು ನಿಮಿಷದಲ್ಲಿ ಎಲ್ಲರೂ ಫೋನ್ ನೋಡುತ್ತಿದ್ದರಂತೆ. ಬಿಲ್ ಹಂಚಿಕೊಂಡು ಮನೆಗೆ ಹೋದರು. ಎದುರುಬದುರು ಕೂತು ಮಾತಾಡಿ ಅಂದರೆ ಯಾರಿಗೆ ಮಾತು ಬರುತ್ತದೆ, ಹೆಣ್ಣು ನೋಡೋ ಶಾಸ್ತ್ರದ ಹಾಗಾಗುತ್ತದೆ.

ಎರಡನೇ ಭೇಟಿಯಲ್ಲಿ ಹೊಸಬರ ಮಾತೇ ಎತ್ತಲಿಲ್ಲ. ಹೋದ ನಾಲ್ವರ ಬಗ್ಗೆ ಕೇಳಿದೆ. ಅತ್ತರು. ಮಳೆಗಾಲದಲ್ಲಿ ಒಬ್ಬೊಬ್ಬರೇ ಹೋದದ್ದರಿಂದ ಬೀಳ್ಕೊಡುಗೆ ಅಂತಲೂ ಏನೂ ಆಗಿರಲಿಲ್ಲ. "ಇವ್ರೂ ಆರು ತಿಂಗಳಿಗೆ ಬಿಟ್ಟು ಹೋಗ್ತಾರ್ರಿ, ಹೆಸರು ಯಾಕ ಕಲೀಬೇಕು?" ಈ ಮಾತು ಸುಳ್ಳಲ್ಲ. ಐಟಿ ಊರಲ್ಲಿ ಜನ ಹೋಗುತ್ತಲೇ ಇರುತ್ತಾರೆ. ಇಲ್ಲ, ಇವರು ಹೋಗಲ್ಲ ಅಂತ ನಾನು ಸಮಾಧಾನ ಹೇಳಲಿಲ್ಲ. ನಿಮ್ಮ ಗೆಳತಿಯರ ಜಾಗಕ್ಕೆ ಇವರನ್ನು ಕೂರಿಸಬೇಕಾಗಿಲ್ಲ, ಸ್ನೇಹವೂ ಆಗಲೇಬೇಕು ಅಂತಿಲ್ಲ, ಆದರೆ ಪಕ್ಕದಲ್ಲಿ ನಿಂತು ಆಡುವಷ್ಟು ಗೊತ್ತಿರಬೇಕು ಅಂದೆ. ಇದು ಅವರಿಗೆ ಹಗುರ ಅನ್ನಿಸಿತು.

ಹಳಬರದ್ದೇ ಒಂದು ವಾಟ್ಸಾಪ್ ಗುಂಪಿತ್ತು. ಅದನ್ನು ಮುಚ್ಚಿ ಅನ್ನಲಿಲ್ಲ, ಅದು ಅವರ ಮನೆ. ಆದರೆ ಅಭ್ಯಾಸದ ಸಮಯ, ಜಾಗ, ಯಾರು ಪ್ಯಾಡ್ ತರೋದು, ಇದೆಲ್ಲ ಅಲ್ಲೇ ಮೊದಲು ತೀರ್ಮಾನ ಆಗಿ ಹೊಸಬರಿಗೆ ಆಮೇಲೆ ಸುದ್ದಿ ಹೋಗುತ್ತಿತ್ತು. ಅದನ್ನು ಎಲ್ಲರ ಗುಂಪಿಗೆ ಹಾಕಿ ಅಂದೆ.

ಇನ್ನು ಮುಖ್ಯ ಸಲಹೆ. ವಾರಕ್ಕೆ ಒಬ್ಬಳು. ಅವಳ ಜೊತೆ 15 ನಿಮಿಷ ಮೊದಲೇ ಬಂದು, ಪಕ್ಕದಲ್ಲಿ ಕೂತು ಸ್ಕೇಟ್ಸ್ ಲೇಸ್ ಕಟ್ಟಿಕೊಳ್ಳುತ್ತಾ ಮೂರು ಪ್ರಶ್ನೆ ಕೇಳಿ. ಹಳೇ ನೋವು ಎಲ್ಲಿದೆ? ಯಾವ ಕಾಲಲ್ಲಿ ನಿಲ್ಲಿಸುತ್ತೀಯ? ತಪ್ಪಾದರೆ ಆಗಲೇ ಕೂಗಿ ಹೇಳಲೋ, ಆಮೇಲೆ ಹೇಳಲೋ? ಊರು, ಕೆಲಸ, ಮದುವೆ ಇವೆಲ್ಲ ತಾವಾಗಿ ಬಂದರೆ ಬರಲಿ. ಕೈಗೆ ಕೆಲಸ ಇದ್ದು ಕಣ್ಣು ಲೇಸ್ ಮೇಲಿದ್ದರೆ ಮಾತು ಸುಲಭ, ನಮ್ಮ ಕಡೆ ಹೆಂಗಸರು ಅವರೆಕಾಯಿ ಸುಲಿಯುತ್ತಾ ಎಂಥೆಂಥ ವಿಷಯ ಹೇಳಿಕೊಳ್ಳುತ್ತಾರೆ ಅಲ್ವಾ, ಹಾಗೆ. ಆಮೇಲೆ ಬೀಳೋದು ಹೇಗೆ ಅಂತ ನೀವೇ ಕಲಿಸಿ. ಸಣ್ಣದಾಗಿ ಮುದುಡಿ ಬೀಳಬೇಕು, ಬೆರಳು ಮುಷ್ಟಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹಿಂದಿನವಳ ಚಕ್ರ ಹತ್ತುತ್ತದೆ. ಅದನ್ನು ಕಲಿಸಿದವರ ಮೇಲೆ ಭಯ ಉಳಿಯೋದಿಲ್ಲ.

ಮಣಿಕಟ್ಟಿನ ಹುಡುಗಿಯ ಹತ್ತಿರ ಕ್ಷಮೆ ಕೇಳೋಕೆ ಧಾರವಾಡ ಪೇಢೆ ತಗೊಂಡು ಹೋಗುತ್ತೇನೆ ಅಂದರು. ಬೇಡ ಅಂದೆ. ಸಿಹಿ ಕೈಗಿಟ್ಟರೆ ಅವಳು "ಇರ್ಲಿ ಬಿಡ್ರಿ ಅಕ್ಕಾ" ಅನ್ನಲೇಬೇಕಾಗುತ್ತದೆ. ಬರಿಗೈಲಿ ಹೋಗಿ, ಬೇಕಂತಲೇ ಜೋರಾಗಿ ಕೊಟ್ಟೆ, ತಪ್ಪು ನಂದು ಅಂತ ಹೇಳಿ, ಡಾಕ್ಟರ್ ಖರ್ಚು ಎಷ್ಟಾಯಿತು ಕೇಳಿ, ಎದ್ದು ಬನ್ನಿ. ಹಾಗೇ ಮಾಡಿದರು. ಹುಡುಗಿ "ಹೂಂ" ಅಂದಳಂತೆ, ಅಷ್ಟೇ. ಮರುದಿನ ಎಕ್ಸ್‌ರೇ ಬಿಲ್ ಕಳಿಸಿದಳು. ನನಗೆ ಅದು ಒಳ್ಳೆಯ ಸೂಚನೆ ಅನ್ನಿಸಿತು, ಬ್ಯಾಡಗಿಗೆ ಅನ್ನಿಸಲಿಲ್ಲ.

ನಾನು ನಿರೀಕ್ಷಿಸದ ತೊಡಕೊಂದು ಆಮೇಲೆ ಬಂತು. ಕೈಗೆ ಪಟ್ಟಿ ಕಟ್ಟಿಕೊಂಡೇ ಹುಡುಗಿ ಅಂಗಳಕ್ಕೆ ಬಂದು ಸ್ಕೋರ್ ಬರೆಯತೊಡಗಿದಳು, ಇಬ್ಬರಿಗೂ ಕನ್ನಡದಲ್ಲಿ ಮಾತು ಹತ್ತಿತು. ಖುಷಿಯೇ. ಆದರೆ ಉಳಿದ ನಾಲ್ವರು ಹೊಸಬರು ಈಗ ಎರಡು ಗೋಡೆಯ ಹೊರಗೆ ನಿಂತರು. ಕನ್ನಡ ಬಿಡಿ ಅಂತ ನಾನು ಹೇಳುತ್ತೇನೆಯೇ, ಈ ಊರಲ್ಲಿ ಅದು ಸಿಕ್ಕೋದೇ ಅಪರೂಪ. ಟ್ರ್ಯಾಕ್ ಮೇಲೆ, ಎಲ್ಲರೂ ಇರುವ ಕಡೆ ಎಲ್ಲರಿಗೂ ಬರುವ ಭಾಷೆ, ಬಸ್ ಸ್ಟಾಪಲ್ಲಿ ಕನ್ನಡ ಅಂದೆ. ಒಪ್ಪಿದರು, ಅರೆಮನಸ್ಸಿನಿಂದ.

ಈಗ ಐವರ ಹೆಸರೂ ಬಾಯಿಗೆ ಬಂದಿದೆ. ಸ್ಟಿಕ್ಕರ್‌ಗೆ ಎಡ ಮೊಣಕಾಲು ನೋವು, ಅವಳನ್ನು ಗೋಡೆಯ ಒಳಬದಿಗೆ ನಿಲ್ಲಿಸಬೇಕು ಅನ್ನೋದೂ ಗೊತ್ತಾಗಿದೆ.

ಹೋದ ಭಾನುವಾರ ಮಣಿಕಟ್ಟು ವಾಸಿಯಾಗಿ, ಡಾಕ್ಟರ್ ಒಪ್ಪಿದ ಮೇಲೆ, ಹುಡುಗಿ ಮತ್ತೆ ಸ್ಕೇಟ್ಸ್ ಹಾಕಿದಳು. ಜೋಡಿ ಅಭ್ಯಾಸಕ್ಕೆ ಯಾರು ಬೇಕು ಅಂತ ಅವಳೇ ಆರಿಸಿಕೊಳ್ಳಲಿ, ನೀವು ಮುಂದೆ ಹೋಗಬೇಡಿ ಅಂತ ಮೊದಲೇ ಹೇಳಿದ್ದೆ. ಅವಳು ಹಳದಿ ಹೆಲ್ಮೆಟ್‌ನವಳನ್ನು ಆರಿಸಿಕೊಂಡಳು. ರಾತ್ರಿ ಹನ್ನೊಂದಕ್ಕೆ ಬ್ಯಾಡಗಿಯ ಮೆಸೇಜ್ ಬಂತು: "ಬಿಲ್ ಕೊಟ್ಟೇನಿ, ಬೀಳೋದು ಕಲಿಸೇನಿ, ಆದ್ರೂ ನನ್ನ ಬಿಟ್ಲು ನೋಡ್ರಿ." ಗುರುವಾರ ಆರು ಗಂಟೆಗೆ ಬನ್ನಿ ಅಂತ ಬರೆದೆ.