ಫೈಬರ್ ಬಾಡಿ ಕಾರಿಗೆ ಜ್ಯಾಕ್ ಎಲ್ಲಿ ಕೊಡಬೇಕು?

ಪ್ರಶ್ನೆ: ಅಪ್ಪ ಇಟ್ಟುಕೊಂಡಿದ್ದ ಸಿಪಾನಿ ಡಾಲ್ಫಿನ್ ಕಾರನ್ನು ಈಗ ನಾನು ಓಡಿಸುತ್ತಿದ್ದೇನೆ. ಪಂಕ್ಚರ್ ಅಂಗಡಿಯಲ್ಲಿ ಬಾಗಿಲ ಕೆಳಗಿನ ಅಂಚಿಗೇ ಟ್ರಾಲಿ ಜ್ಯಾಕ್ ಕೊಟ್ಟು ಎತ್ತಿದರು. ಟಕ್ ಅಂತ ಫೈಬರ್ ಬಿರುಕು ಬಿಟ್ಟಿತು. ಜ್ಯಾಕಿಗೆ ಹೊಂದುವ ಅಡಾಪ್ಟರ್ ಮಾಡಿಸಬಹುದೇ? ಬಿರುಕಿಗೆ ಏನು ಮಾಡಲಿ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಖಂಡಿತ ಮಾಡಿಸಬಹುದು. ಇಂಥ ಕಾರನ್ನು ಇನ್ನೂ ರಸ್ತೆಯಲ್ಲಿ ಇಟ್ಟಿದ್ದೀರಲ್ಲ, ಓದಿ ತುಂಬಾ ಖುಷಿಯಾಯಿತು.

ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಹೊರತಂದ ಈ ಕಾರಿಗೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮೂಲ. 848 ಸಿಸಿ ಎಂಜಿನ್, ಕೆಳಗೆ ಉಕ್ಕಿನ ಚಾಸಿ, ಅಂದರೆ ಅಡಿಯ ಚೌಕಟ್ಟು, ಮೇಲೆ ಫೈಬರ್ ಬಾಡಿ. ಭಾರ ಹೊರುವುದು ಚಾಸಿ ಮಾತ್ರ. ಈಗಿನ ಕಾರುಗಳಲ್ಲಿ ಬಾಗಿಲ ಕೆಳಗಿನ ತಗಡಿನ ಅಂಚಿಗೇ ಜ್ಯಾಕ್ ಕೊಡುತ್ತಾರೆ. ಅಂಗಡಿಯವರು ಅದೇ ರೂಢಿಯಲ್ಲಿ ಎತ್ತಿದ್ದಾರೆ, ಅಷ್ಟೇ.

ಅಡಾಪ್ಟರ್ ಕೆಲಸ ಒಂದೇ: ಫೈಬರ್‌ಗೆ ತಾಗದೆ ಭಾರವನ್ನು ಚಾಸಿಯಿಂದ ಜ್ಯಾಕಿಗೆ ಇಳಿಸುವುದು. ಮೊದಲು ಚಾಸಿ ಪಟ್ಟಿಯ ಅಗಲ ಅಳೆದು, ರಟ್ಟಿನಲ್ಲಿ ಮಾದರಿ ಕತ್ತರಿಸಿ ಹಿಡಿದು ನೋಡಿ. ಹಲವು ಟ್ರಾಲಿ ಜ್ಯಾಕುಗಳಲ್ಲಿ ಮೇಲಿನ ಬಟ್ಟಲನ್ನು ಎತ್ತಿ ತೆಗೆಯಬಹುದು, ಕೆಳಗೆ ತೂತು ಇರುತ್ತದೆ. ಆ ತೂತಿಗೆ ಸರಿಯಾಗಿ ಕೂರುವ ಗೂಟವನ್ನು ಲೇತ್ ಅಂಗಡಿಯಲ್ಲಿ ಕಡೆಸಿ. ಅದರ ಮೇಲೆ 6 ಮಿ.ಮೀ. ಕಬ್ಬಿಣದ ಪ್ಲೇಟ್, ಪ್ಲೇಟ್ ಮೇಲೆ ಚಾಸಿ ಪಟ್ಟಿ ಕೂರುವಷ್ಟು ಅಗಲದ ಗಿಡ್ಡ ಚಾನಲ್ (U ಆಕಾರದ ಕಬ್ಬಿಣದ ತುಂಡು) ವೆಲ್ಡ್ ಮಾಡಿಸಿ. ಚಾನಲ್ ಒಳಗೆ ಹಳೆ ಲಾರಿ ಟೈರಿನ ತುಂಡು ಹಾಸಿ. ಎತ್ತರ ಜಾಸ್ತಿ ಬೇಡ, ಎತ್ತರವಾದಷ್ಟೂ ವಾಲುತ್ತದೆ. ವೆಲ್ಡಿಂಗ್ ಎಲ್ಲ ಅಂಗಡಿಯ ಮೇಜಿನ ಮೇಲೇ ಆಗಲಿ, ಕಾರಿನ ಹತ್ತಿರ ಬೇಡವೇ ಬೇಡ. ಫೈಬರ್ ಬೇಗ ಬೆಂಕಿ ಹಿಡಿಯುತ್ತದೆ.

ಇಲ್ಲಿ ಹಲವರು ಎಡವುತ್ತಾರೆ. ಟ್ರಾಲಿ ಜ್ಯಾಕಿನ ತೋಳು ನೆಟ್ಟಗೆ ಮೇಲೇರುವುದಿಲ್ಲ, ಕಮಾನಿನಂತೆ ಏರುತ್ತದೆ. ಜತೆಗೆ ಕಾರೂ ಒಂದು ಬದಿಗೆ ಓರೆಯಾಗುತ್ತದೆ. ಹಾಗಾಗಿ ಕೆಳಗಿರುವಾಗ ಬಿಡುವು ಕಂಡರೂ, ಎತ್ತಿದ ಮೇಲೆ ಫೈಬರ್ ಅಂಚು ಜ್ಯಾಕಿನ ತೋಳಿಗೆ ಒತ್ತಬಹುದು. ಎರಡರ ನಡುವೆ 20 ಮಿ.ಮೀ. ಆದರೂ ಜಾಗ ಇರಲಿ. ಎತ್ತುವಾಗ ಜ್ಯಾಕಿನ ಗಾಲಿಗಳು ಉರುಳಲೇಬೇಕು. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿನ ಅಂಗಳದಲ್ಲಿ ಅವು ಹೂತು ನಿಲ್ಲುತ್ತವೆ, ಆಗ ಅಡಾಪ್ಟರೇ ಚಾಸಿಯಿಂದ ಜಾರುತ್ತದೆ. ಸಿಮೆಂಟ್ ನೆಲ ಇಲ್ಲವಾದರೆ ದಪ್ಪ ಪ್ಲೈವುಡ್ ಹಾಸಿ, ಉಳಿದ ಚಕ್ರಗಳಿಗೆ ಅಡೆ ಕೊಡಿ.

ಎತ್ತುವ ಮೊದಲು ಚಾಸಿ ಗಟ್ಟಿ ಇದೆಯಾ ಅಂತ ನೋಡಲೇಬೇಕು. ಉಪ್ಪು ಗಾಳಿಗೆ, ಕಾರವಾರದ ಮಳೆಗೆ ಕಬ್ಬಿಣ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ. ಠಣ್ ಅಂದರೆ ಸರಿ. ಬೊದ್ದು ಶಬ್ದ ಬಂದರೆ, ಸ್ಕ್ರೂಡ್ರೈವರ್ ಚುಚ್ಚಿದರೆ ಒಳಹೋದರೆ, ಅಲ್ಲಿ ಜ್ಯಾಕ್ ಕೊಡಬೇಡಿ. ಗಟ್ಟಿ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿ, ಪಂಕ್ಚರ್ ಅಂಗಡಿಯಲ್ಲಿ ಅದನ್ನೇ ತೋರಿಸಿ. ಹಿಂದಿನ ಚಕ್ರಕ್ಕೆ ಅಡಾಪ್ಟರ್ ಬೇಡ, ಆಕ್ಸಲ್ ಕೆಳಗೇ ಜ್ಯಾಕ್ ಕೊಟ್ಟರಾಯಿತು. ಕಾರಿನ ಕೆಳಗೆ ನುಸುಳುವ ಕೆಲಸವಿದ್ದರೆ, ಎತ್ತಿದ ಕಾರಿಗೆ ಆಸರೆಯಾಗುವ ಸ್ಟ್ಯಾಂಡ್ ಇಡದೆ ಹೋಗಲೇಬೇಡಿ. ಜ್ಯಾಕನ್ನು ನಂಬಬಾರದು.

ಇನ್ನು ಬಿರುಕು. ಬೈತಖೋಲ ಬಂದರಿನ ಕಡೆ ಫೈಬರ್ ದೋಣಿ ರಿಪೇರಿ ಮಾಡುವವರನ್ನು ವಿಚಾರಿಸಿ. ಮ್ಯಾಟ್ (ಗಾಜಿನ ನಾರಿನ ಹಾಸು) ಮತ್ತು ರೆಸಿನ್ (ಅದನ್ನು ಗಟ್ಟಿಯಾಗಿಸುವ ಅಂಟು ದ್ರವ) ಕೆಲಸ ಅವರಿಗೆ ಕೈಗೆ ಹತ್ತಿದ್ದು. ಮೇಲೆ ಸುಮ್ನೆ ಪುಟ್ಟಿ ಮೆತ್ತಿಸಬೇಡಿ, ಒಳಬದಿಯಿಂದ ಉಜ್ಜಿ ಮ್ಯಾಟ್ ಹಾಕಿಸಿ. ಒದ್ದೆ ಇದ್ದರೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಮಳೆಗಾಲವಾದರೆ ಬಿರುಕಿಗೆ ಟೇಪ್ ಅಂಟಿಸಿಟ್ಟು, ದೀಪಾವಳಿ ಕಳೆದ ಮೇಲೆ ಮಾಡಿಸಿ.